ಅಬು ಹಲೀಫಾದ ನಾಲ್ಕು ಕೈಯ ಅಮ್ಮ

ಪುಟ್ಟಯ್ಯನವರು ತಮ್ಮ ಐವತ್ತೆರಡು ವರ್ಷದ ಬಾಳಿನಲ್ಲಿ 'ಗೊತ್ತಿಲ್ಲ' ಎಂದದ್ದನ್ನು ಕೇಳಿದವರು ಒಬ್ಬರೂ ಇಲ್ಲ. ದಾರಿ ಕೇಳಿದವರನ್ನು ಎಷ್ಟೋ ಸಲ ಆಸ್ಪತ್ರೆಯ ಬದಲು ಮೀನು ಮಾರ್ಕೆಟ್ಟಿಗೆ ಕಳಿಸಿದ್ದುಂಟು. ಆದರೆ ಉತ್ತರವಿಲ್ಲದೆ ಕಳಿಸಿದ್ದಿಲ್ಲ. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಅವರು ಡ್ರಾಫ್ಟ್ಸ್‌ಮನ್. ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿ ಬಗ್ಗಿ ಯಾವ ವಾಲ್ವನ್ನು ಸೇರುತ್ತದೆ ಎಂದು ಹದಿನಾಲ್ಕು ವರ್ಷ ಗೆರೆ ಎಳೆದವರು. ಅನುಮಾನದಿಂದ ಎಳೆದ ಒಂದು ಗೆರೆ ಸಾಕು, ರಿಫೈನರಿಯೇ ಹಾರಿಹೋದೀತು. ಈ ವೃತ್ತಿಧರ್ಮವನ್ನು ಅವರು ನಾಲಿಗೆಗೂ ವಿಸ್ತರಿಸಿಕೊಂಡಿದ್ದರು, ಅಷ್ಟೇ.

ತೊಂಬತ್ತರ ಜುಲೈನಲ್ಲಿ ಅವರ ಮೇಲಧಿಕಾರಿ ಹಾರ್ಗ್ರೀವ್ಸ್ ಸಾಹೇಬರು ಎರಡು ತಿಂಗಳ ರಜೆಗೆ ಇಂಗ್ಲೆಂಡಿಗೆ ಹೊರಟರು. ಹೊರಡುವ ಮುನ್ನ, ಕಂಕುಳಲ್ಲಿ ಬಟ್ಟೆ ಸುತ್ತಿದ ಚೌಕಟ್ಟೊಂದನ್ನು ಇಟ್ಟುಕೊಂಡು ಪುಟ್ಟಯ್ಯನವರ ಮೇಜಿನ ಬಳಿ ಬಂದರು. ತಮ್ಮ ಮನೆ ಬೀಗ ಹಾಕಿದರೆ ಎ.ಸಿ. ನಿಲ್ಲುತ್ತದೆ, ಸಮುದ್ರದ ತೇವಕ್ಕೆ ಈ ಹಾಳೆ ಹಾಳಾಗುತ್ತದೆ, ಆದ್ದರಿಂದ ನಿಮ್ಮಲ್ಲಿರಲಿ ಎಂದರು. ಆಮೇಲೆ ಇಪ್ಪತ್ತು ನಿಮಿಷ ವಿವರಿಸಿದರು. ಇದು ಮುನ್ನೂರು ವರ್ಷ ಹಿಂದಿನ ಬರೋಕ್ ಶೈಲಿಯದು, ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದು, ಮುಗಿದ ಚಿತ್ರವಲ್ಲ, ಚಿತ್ರಕ್ಕೆ ಮುಂಚಿನ ತಾಲೀಮು, ಇದರಲ್ಲಿರುವ ಹೆಂಗಸು ಹೆಂಗಸಲ್ಲ, ಒಂದು ಗುಣಕ್ಕೆ ಕೊಟ್ಟ ರೂಪ. ಪುಟ್ಟಯ್ಯನವರು ಪ್ರತಿ ವಾಕ್ಯಕ್ಕೂ "ಆಫ್ ಕೋರ್ಸ್ ಸರ್" ಎಂದರು. ಅಷ್ಟರಲ್ಲಿ ಅವರ ಕಿವಿಗೆ ಬಿದ್ದ ಮಾತು ಎರಡೇ: ಎ.ಸಿ. ಇಪ್ಪತ್ತನಾಲ್ಕರಲ್ಲಿರಲಿ, ಏನನ್ನೂ ಮುಟ್ಟಬೇಡಿ.

ಅಬು ಹಲೀಫಾದ ನಮ್ಮ ನಾಲ್ಕು ಮಹಡಿಯ ಕಟ್ಟಡದಲ್ಲಿ ಪುಟ್ಟಯ್ಯನವರದು ಮೂರನೆಯ ಮಹಡಿ. ಮನೆಯಲ್ಲಿ ಬಟ್ಟೆ ಬಿಚ್ಚಿದವರು ಅವರ ಹೆಂಡತಿ ಅನಸೂಯಮ್ಮ. ಗಾಜಿನ ಹಿಂದೆ ಹಳದಿಗಟ್ಟಿದ ಹಾಳೆ. ಅದರಲ್ಲಿ ಕಾವಿ ಬಣ್ಣದ ಗೆರೆಗಳಲ್ಲಿ, ಬಂಡೆಯ ಮೇಲೆ ಕೂತು ಎಲ್ಲೋ ಮೇಲೆ ನೋಡುತ್ತಿರುವ ಹೆಂಗಸು. ಬರೆದವನು ಕೈಗಳನ್ನು ಒಮ್ಮೆ ಎದೆಯ ಮೇಲೆ ಇಟ್ಟಿದ್ದ. ಸರಿಹೋಗದೆ, ಅಳಿಸದೆ, ಇನ್ನೊಮ್ಮೆ ಚಾಚಿದಂತೆ ಬರೆದಿದ್ದ. ಪಕ್ಕದಲ್ಲಿ ಅರ್ಧಕ್ಕೆ ಬಿಟ್ಟ, ಮೂರು ಮೊನೆಯ ಯಾವುದೋ ಆಯುಧ.

ಅನಸೂಯಮ್ಮ ಕೈಗಳನ್ನು ಎಣಿಸಿದರು. ನಾಲ್ಕು.

"ರೀ, ಇದು ಚಾಮುಂಡಿ ಅಲ್ವಾ?"

"ಮತ್ತೆ? ಅದಕ್ಕೇ ತಂದಿದ್ದು" ಎಂದರು ಪುಟ್ಟಯ್ಯ.

ಇಂಗ್ಲಿಷ್ ಸಾಹೇಬನ ಮನೆಯಲ್ಲಿ ಚಾಮುಂಡಿ ಹೇಗೆ ಎಂದು ಕೇಳುವುದು ಮೈಸೂರಿನ ನಜರ್‌ಬಾದಿನಲ್ಲಿ ಹುಟ್ಟಿದ ಅನಸೂಯಮ್ಮನವರ ಸ್ವಭಾವವಲ್ಲ. ಅಮ್ಮ ಎಲ್ಲಿಗೆ ಬೇಕಾದರೂ ಹೋಗುತ್ತಾಳೆ. ಚಿತ್ರ ಹಾಲಿನ ಗೋಡೆಗೆ, ಎ.ಸಿ.ಯ ಪಕ್ಕಕ್ಕೆ ಏರಿತು. ಗಾಜಿನ ಮೇಲೆ ಕುಂಕುಮ ಬಿತ್ತು.

ಎದುರು ಮನೆಯವರು ಮಂಗಳೂರಿನ ಡೋಲ್ಫಿ, ಲಿಜ್ಜಿ ದಂಪತಿ. ಡೋಲ್ಫಿಗೆ ಬಂದರಿನಲ್ಲಿ ಹಡಗು ಎಳೆಯುವ ಟಗ್ ಬೋಟಿನಲ್ಲಿ ಕೆಲಸ, ಲಿಜ್ಜಿ ಆಸ್ಪತ್ರೆಯಲ್ಲಿ ನರ್ಸು. ಒಂಬತ್ತು ವರ್ಷದ ಮಗಳು ಶೆರಿಲ್ ಊರಲ್ಲಿ ಅಜ್ಜಿಯ ಜೊತೆ. ಸಂಜೆ ಚಹಾಕ್ಕೆ ಬಂದ ಡೋಲ್ಫಿ ಚಿತ್ರದ ಮುಂದೆ ನಿಂತು, ಅನಸೂಯಮ್ಮ ತೋರಿಸಿದ ತ್ರಿಶೂಲ ನೋಡಿ ನಕ್ಕ.

"ತ್ರಿಶೂಲ ಎಂತದ್ದು ಅಕ್ಕಾ? ಇದು ಲಂಗರು. ನಾನು ದಿನಾ ಎತ್ತಿ ಇಳಿಸುವುದು ಇದನ್ನೇ ಅಲ್ವಾ!"

"ಹಾಗಾದ್ರೆ ಇವಳು ಸಮುದ್ರದ ಮಾತೆ" ಎಂದು ಲಿಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

"ಮಾತೆಗೆ ನಾಲ್ಕು ಕೈ ಇರುತ್ತೇನಮ್ಮ?" ಅನಸೂಯಮ್ಮ ಬಿಡಲಿಲ್ಲ.

"ಜಗಳ ಯಾಕೆ? ಎರಡು ಕೈ ನಿಮ್ಗೆ, ಎರಡು ನಮ್ಗೆ" ಎಂದು ಡೋಲ್ಫಿ ತೀರ್ಪು ಕೊಟ್ಟು ಚಕ್ಕುಲಿಗೆ ಕೈ ಹಾಕಿದ. "ಪುಟ್ಟಯ್ಯಣ್ಣ, ಕೆಳಗೆ ಎಂತದೋ ಬರ್ದಿದ್ದಾರಲ್ಲ, ಓದಿ ನೋಡುವ."

ಹಾಳೆಯ ಕೆಳಮೂಲೆಯಲ್ಲಿ ಕಂದು ಶಾಯಿಯಲ್ಲಿ, ಇರುವೆ ನಡೆದಂತೆ, ಎರಡು ಸಾಲು ಇತ್ತು. ಪುಟ್ಟಯ್ಯನವರು ಕನ್ನಡಕ ಒರೆಸಿದರು. ಹತ್ತಿರ ಹೋದರು. ದೂರ ಬಂದರು. ತುಟಿ ಅಲ್ಲಾಡಿಸಿದರು. ಒಂದು ಅಕ್ಷರವೂ ತಿಳಿಯಲಿಲ್ಲ.

"ಇಟಾಲಿಯನ್" ಎಂದರು. "ಕಳೆದುಹೋದದ್ದನ್ನು ಹಿಂದಕ್ಕೆ ತಂದುಕೊಡುವವಳು ಅಂತ."

ಮರುದಿನ ಅನಸೂಯಮ್ಮನವರ ಕುಕ್ಕರಿನ ವೆಯಿಟ್ ಸಿಕ್ಕಿತು. ಮೂರು ವಾರದಿಂದ ಕಾಣೆಯಾಗಿದ್ದದ್ದು, ಅಕ್ಕಿ ಡಬ್ಬದ ತಳದಲ್ಲಿ. ಮುಗಿಯಿತು. ಸುದ್ದಿ ಲಿಫ್ಟಿಲ್ಲದ ಆ ಕಟ್ಟಡದಲ್ಲಿ ಲಿಫ್ಟಿಗಿಂತ ವೇಗವಾಗಿ ಇಳಿಯಿತು. ಕೆಳಗಿನ ಮಹಡಿಯ, ಬ್ಯಾಂಕಿನ ಲೋಕನಾಥ ತಮ್ಮ ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡು, ಹುಡುಕಿ ಸೋತು ಬಂದರು. ಕೈ ಮುಗಿದು ಹೋದ ಅರ್ಧ ಗಂಟೆಯಲ್ಲಿ ಅದು ಅವರ ಫ್ರಿಜ್ಜಿನ ಮೊಟ್ಟೆಗೂಡಿನಲ್ಲಿ ಮೊಟ್ಟೆಯ ಜಾಗದಲ್ಲಿ ನಿಂತಿತ್ತು. ಕೆಳಮನೆಯ ಬ್ಯಾರಿ ಹೆಂಗಸು ಸಫೂರಾ ಬಾಗಿಲಾಚೆಯೇ, ಚಿತ್ರಕ್ಕೆ ಬೆನ್ನು ಹಾಕಿ ನಿಂತು, "ಪಟದ ಹತ್ರ ಕೇಳುವ ಕ್ರಮ ನಮ್ದಲ್ಲ ಅಕ್ಕಾ. ನಾನು ನಿಮ್ಮ ಹತ್ರ ಹೇಳುವುದು. ನನ್ನ ಬೆಳ್ಳಿ ಉಂಗುರ ಕಾಣುವುದಿಲ್ಲ. ನೀವು ಗಟ್ಟಿಯಾಗಿ ಮಾತಾಡಿದ್ರೆ ಅವಳಿಗೂ ಕೇಳುತ್ತದೆ ಅಲ್ವಾ?" ಎಂದಳು. ಅದೂ ಸಿಕ್ಕಿತು. ಕಳೆದ ವಸ್ತು ಮನೆಯಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬ ಸಾಮಾನ್ಯ ಸತ್ಯಕ್ಕೆ ಇಷ್ಟು ದೊಡ್ಡ ಗೌರವ ಹಿಂದೆಂದೂ ಸಂದಿರಲಿಕ್ಕಿಲ್ಲ.

ಆಮೇಲೆ ಆಗಸ್ಟ್ ಎರಡು ಬಂತು. ಬೆಳಗಾಗುವಷ್ಟರಲ್ಲಿ ದೇಶವೇ ಕಳೆದುಹೋಗಿತ್ತು.

ಇರಾಕಿನ ಟ್ಯಾಂಕುಗಳು ರಸ್ತೆಯಲ್ಲಿ ಸಾಲಾಗಿ ನಿಂತಿದ್ದವು. ಹಿಂದಿನ ದಿನ ಪಾಳಿಗೆ ಹೋದ ಡೋಲ್ಫಿ ಹಿಂತಿರುಗಲಿಲ್ಲ. ಟಗ್ ಬೋಟನ್ನು ಸೈನಿಕರು ಹಿಡಿದುಕೊಂಡು ಹೋದರು ಎಂದರು ಒಬ್ಬರು. ಅದು ಇರಾನಿನ ಕಡೆಗೆ ತಪ್ಪಿಸಿಕೊಂಡು ಹೋಯಿತು ಎಂದರು ಇನ್ನೊಬ್ಬರು. ಲಿಜ್ಜಿ ದಿನಾ ಆಸ್ಪತ್ರೆಗೆ ಹೋದಳು, ದಿನಾ ಬಂದಳು, ಬಂದರಿನ ಗೇಟಿನವರೆಗೂ ಎರಡು ಸಲ ನಡೆದು ಹೋಗಿ ಬಂದಳು. ಕಟ್ಟಡದವರೆಲ್ಲ "ಬರ್ತಾರಮ್ಮ, ಬಂದೇ ಬರ್ತಾರೆ" ಎಂದೆವು. ಹೇಳುವುದಕ್ಕೆ ನಮ್ಮಲ್ಲಿ ಬೇರೆ ಏನೂ ಇರಲಿಲ್ಲ.

ಆಗಸ್ಟ್ ಒಂಬತ್ತರ ಬೆಳಿಗ್ಗೆ ಅವಳು ಮೇಣದಬತ್ತಿ ಹಿಡಿದು ಪುಟ್ಟಯ್ಯನವರ ಮನೆಗೆ ಬಂದಳು. ಊದುಬತ್ತಿಯ ಪಕ್ಕ ಹಚ್ಚಿಟ್ಟಳು.

"ಪುಟ್ಟಯ್ಯಣ್ಣ, ಅದನ್ನು ಇನ್ನೊಮ್ಮೆ ಓದಿ. ಹಿಂದಕ್ಕೆ ತಂದುಕೊಡ್ತಾಳೆ ಅಂತ ಉಂಟು. ಯಾವಾಗ ಅಂತ ಉಂಟಾ?"

ಕನ್ನಡಕ ಒರೆಸಲು ಪುಟ್ಟಯ್ಯನವರು ಅಂದು ತೆಗೆದುಕೊಂಡಷ್ಟು ಹೊತ್ತನ್ನು ಯಾರೂ ತೆಗೆದುಕೊಂಡಿರಲಾರರು. ಅನಸೂಯಮ್ಮ ನೋಡುತ್ತಿದ್ದರು. ಲಿಜ್ಜಿ ನೋಡುತ್ತಿದ್ದಳು. ನಾಲ್ಕು ಕೈಯವಳೊಬ್ಬಳೇ ಬೇರೆ ಕಡೆ ನೋಡುತ್ತಿದ್ದಳು.

"ಒಂದು ಮಂಡಲ" ಎಂದರು.

"ಅಂದ್ರೆ?"

"ನಲವತ್ತೆಂಟು ದಿನ."

ಮುನ್ನೂರು ವರ್ಷದ ಹಿಂದಿನ ಇಟಲಿಯವನೊಬ್ಬ ಮೈಸೂರಿನ ಹರಕೆಯ ಲೆಕ್ಕದಲ್ಲಿ ಯಾಕೆ ಬರೆದ ಎಂದು ಕೇಳುವ ಚೈತನ್ಯ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಲಿಜ್ಜಿ ಮನೆಗೆ ಹೋಗಿ, ಊರಿನ ಇಗರ್ಜಿ ಕಳಿಸಿದ್ದ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಸುತ್ತು ಹಾಕಿದಳು.

ತಿಂಗಳು ಮುಗಿಯುವ ಹೊತ್ತಿಗೆ ಬಸ್ಸುಗಳು ಹೊರಡತೊಡಗಿದವು. ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್, ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ. ಲೋಕನಾಥ ತಮ್ಮನ್ನು ತಾವೇ ತೆರವು ಸಮಿತಿಯ ಅಧ್ಯಕ್ಷರಾಗಿ ಅವಿರೋಧವಾಗಿ ಆರಿಸಿಕೊಂಡು, ರಟ್ಟಿನ ಮೇಲೆ ಪಟ್ಟಿ ಕ್ಲಿಪ್ ಮಾಡಿ, ಕುತ್ತಿಗೆಗೆ ಶಿಳ್ಳೆ ನೇತುಹಾಕಿಕೊಂಡು ಬಾಗಿಲು ಬಾಗಿಲು ತಟ್ಟಿದರು.

"ಲಿಜ್ಜಿ ಮೇಡಂ, ಮೂವತ್ತೊಂದನೇ ತಾರೀಕು. ಒಂದು ಸೂಟ್‌ಕೇಸು, ಹತ್ತು ಲೀಟರ್ ನೀರು. ಯಲ್ಲಾ, ರೆಡಿಯಾಗಿ."

"ನಾನು ಬರುವುದಿಲ್ಲ. ನನ್ನದು ಇಪ್ಪತ್ತೈದು ಸೆಪ್ಟೆಂಬರ್. ಪುಟ್ಟಯ್ಯಣ್ಣ ಓದಿ ಹೇಳಿದ್ದಾರೆ."

"ರೀ ಮೇಡಂ, ಆಗ ಬಸ್ಸು ಇರುತ್ತೋ ಇಲ್ವೋ! ಊರಲ್ಲಿ ಮಗು ಇದೆ ನಿಮಗೆ!"

"ಮಗು ಅಪ್ಪ ಎಲ್ಲಿ ಅಂತ ಕೇಳಿದ್ರೆ ನೀವು ಬಂದು ಹೇಳ್ತೀರಾ?"

ಅಧ್ಯಕ್ಷರು ಪಟ್ಟಿಯಲ್ಲಿ ಅವಳ ಹೆಸರನ್ನು ಇಪ್ಪತ್ತೈದಕ್ಕೆ ಸರಿಸಿದರು. ಅವರು ಪುಟ್ಟಯ್ಯನವರ ಬಾಗಿಲು ತಟ್ಟಿದರು. ಬಾಗಿಲು ತೆಗೆದ ಅನಸೂಯಮ್ಮ, "ಆ ಹುಡುಗೀನ ಒಬ್ಬಳನ್ನೇ ಬಿಟ್ಟು ಹೋಗೋಕಾಗುತ್ತಾ? ನಮ್ಮ ಹೆಸರನ್ನೂ ಇಪ್ಪತ್ತೈದಕ್ಕೆ ಬರ್ಕೊಳ್ಳಿ. ನಮ್ಮ ಯಜಮಾನ್ರೇ ಓದಿದ್ದು, ಸುಳ್ಳಾಗುತ್ತಾ?" ಎಂದರು. ಒಳಗಡೆ ಯಜಮಾನರು ಕೆಮ್ಮಿದರು.

ಸೆಪ್ಟೆಂಬರ್ ಮೊದಲ ವಾರ ಕಟ್ಟಡದ ತಪಾಸಣೆಗೆ ಸೈನಿಕರು ಬಂದರು. ಮೂರನೆಯ ಮಹಡಿಗೆ ಹತ್ತಿದವನು ನಲವತ್ತು ದಾಟಿದ, ಮೀಸೆ ನರೆತ, ಏದುಸಿರು ಬಿಡುವ ಆಸಾಮಿ. ಬಂದೂಕಿನ ತುದಿಯನ್ನು ಚಿತ್ರದ ಕಡೆ ತಿರುಗಿಸಿ ಇವಳು ಯಾರು ಎಂದು ಅರಬ್ಬಿಯಲ್ಲಿ ಕೇಳಿದ. ಪುಟ್ಟಯ್ಯನವರ ಹದಿನಾಲ್ಕು ವರ್ಷದ ಅರಬ್ಬಿ ಪೈಪು ಮತ್ತು ವಾಲ್ವುಗಳಿಗೆ ಮಾತ್ರ ಸೀಮಿತವಾಗಿತ್ತು. ಆಸ್ಪತ್ರೆಯಲ್ಲಿ ಅರಬ್ಬಿ ಕಲಿತಿದ್ದ ಲಿಜ್ಜಿ ಮುಂದೆ ಬಂದಳು.

"ಕಳೆದುಹೋದವರನ್ನು ತಂದುಕೊಡುವವಳು" ಎಂದಳು.

ಅವನು ಬಂದೂಕು ಇಳಿಸಿದ. ನಾಲ್ಕು ಕೈ, ಕುಂಕುಮ, ಮೇಣ ಎಲ್ಲವನ್ನೂ ನೋಡಿದ. ಏನೂ ಮುಟ್ಟದೆ ಇಳಿದು ಹೋದ. ಮರುದಿನ ಒಬ್ಬನೇ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿದ. ಜೇಬಿನಿಂದ ಒಂದು ಫೋಟೋ ತೆಗೆದು ಚೌಕಟ್ಟಿನ ಸಂದಿಗೆ ಸಿಕ್ಕಿಸಿದ. ಅದು ಅವನ ತಮ್ಮನ ಫೋಟೋ ಅಂತೆ. ನಾಲ್ಕು ವರ್ಷದ ಹಿಂದೆ, ಇರಾನಿನ ಯುದ್ಧದಲ್ಲಿ ಕಾಣೆಯಾದವನು. ತಾಯಿ ಈಗಲೂ ಅವನ ಪಾಲಿನ ರೊಟ್ಟಿ ತೆಗೆದಿಡುತ್ತಾಳಂತೆ.

"ಯಾವಾಗ ಅಂತ ಕೇಳ್ತಿದ್ದಾನೆ" ಎಂದಳು ಲಿಜ್ಜಿ.

ಎಲ್ಲರೂ ಪುಟ್ಟಯ್ಯನವರನ್ನು ನೋಡಿದರು. ಹಜಾರದಲ್ಲಿ ನಿಂತಿದ್ದ ಲೋಕನಾಥರೂ ನೋಡಿದರು. ಪುಟ್ಟಯ್ಯನವರು ಬಾಯಿ ತೆರೆದರು. ಮೊಟ್ಟಮೊದಲ ಬಾರಿಗೆ ಅದರಿಂದ ಏನೂ ಬರಲಿಲ್ಲ. ಕೊನೆಗೆ ಲಿಜ್ಜಿಯೇ ನಲವತ್ತೆಂಟು ಎಂದು ಹೇಳಿದಳು. ಆಸಾಮಿ ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕುತ್ತ ಮೆಟ್ಟಿಲಿಳಿದ. ಹೀಗೆ ಪುಟ್ಟಯ್ಯನವರ ಇಟಾಲಿಯನ್ ಪಾಂಡಿತ್ಯ ಇರಾಕಿ ಸೈನ್ಯದವರೆಗೂ ವ್ಯಾಪಿಸಿತು.

ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಅನಸೂಯಮ್ಮ ರೊಟ್ಟಿಯ ಸಾಲಿನಲ್ಲಿ ನಿಲ್ಲಲು ಹೋದಾಗ ಅವರು ಚೌಕಟ್ಟನ್ನು ಇಳಿಸಿ, ಹಿಂದಿನ ಮೊಳೆ ಕಿತ್ತು, ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಉಪಾಯ ಸರಳವಾಗಿತ್ತು. ಒಂದೇ ನಕ್ಷೆಯಲ್ಲಿ ಹಳೆಯ ಗೆರೆ ಮತ್ತು ತಿದ್ದಿದ ಗೆರೆ ಎರಡನ್ನೂ ಉಳಿಸುವುದು ಅವರ ಕಸುಬಿನಲ್ಲಿ ಅಪರಾಧ. ಹಳೆಯದನ್ನು ಅಳಿಸಿದರೆ ಎರಡು ಕೈ ಹೋಗುತ್ತವೆ. ಎರಡು ಕೈ ಹೋದರೆ ದೇವಿ ಹೋಗುತ್ತಾಳೆ. ದೇವಿ ಹೋದರೆ ಮಂಡಲವೂ ಹೋಗುತ್ತದೆ, ಲಿಜ್ಜಿ ಮುಂದಿನ ಬಸ್ಸು ಹತ್ತುತ್ತಾಳೆ. ಸಾಹೇಬರು ಬಂದು ಕೇಳಿದರೆ ನೋಡಿಕೊಂಡರಾಯಿತು.

ರಬ್ಬರು ಹಿಡಿದು ಬಗ್ಗಿದರು. ಅಳಿಸುವುದು ಎದೆಯ ಮೇಲಿನ ಕೈಗಳನ್ನೋ, ಚಾಚಿದ ಕೈಗಳನ್ನೋ? ಎದೆಯ ಮೇಲಿನವನ್ನು ಉಳಿಸಿದರೆ ಹೆಂಗಸು ಏನನ್ನೋ ಕಳೆದುಕೊಂಡು ಕೂತಂತಿತ್ತು. ಚಾಚಿದವನ್ನು ಉಳಿಸಿದರೆ ಯಾರೋ ಬರುತ್ತಿರುವಂತಿತ್ತು. ಬರೆದವನಿಗೇ ತೀರ್ಮಾನವಾಗದ್ದು ರಿಫೈನರಿಯ ಡ್ರಾಫ್ಟ್ಸ್‌ಮನ್ನಿಗೆ ಆಗಲಿಲ್ಲ. ಅನಸೂಯಮ್ಮ ಎರಡು ರೊಟ್ಟಿಯೊಡನೆ ಬಂದಾಗ ಗಂಡ ಹಾಳೆಯ ಮುಂದೆ ರಬ್ಬರು ಹಿಡಿದು ಕೂತಿದ್ದರು.

"ರೀ, ಅಮ್ಮನ್ನ ಯಾಕೆ ಬಿಚ್ಚಿದ್ರಿ?"

"ಗಾಜು ಒರೆಸೋಕೆ" ಎಂದರು.

ಇನ್ನು ಉಳಿದದ್ದು ತಪ್ಪೊಪ್ಪಿಗೆ. ಹದಿನಾಲ್ಕನೆಯ ತಾರೀಕು, ನೀರಿನ ಟ್ಯಾಂಕರಿನ ಮುಂದೆ ಕಟ್ಟಡದವರೆಲ್ಲ ಬಕೆಟ್ಟು ಹಿಡಿದು ನಿಂತಿದ್ದಾಗ, ಲಿಜ್ಜಿಯ ಎದುರು ಹೋಗಿ, "ಲಿಜ್ಜಮ್ಮ, ನಂಗೆ ಇಟಾಲಿಯನ್ ಬರಲ್ಲ. ಒಂದಕ್ಷರಾನೂ ಬರಲ್ಲ" ಎಂದರು.

ಸಾಲಿನವರೆಲ್ಲ ಬಕೆಟ್ಟು ಕೆಳಗಿಟ್ಟರು. ಮೊದಲು ಚೇತರಿಸಿಕೊಂಡವರು ಲೋಕನಾಥ. "ನೋಡಿದ್ರಾ, ದೊಡ್ಡವರು ಹೇಳೋದೇ ಹಾಗೆ. ತುಂಬಿದ ಕೊಡ!"

"ನಿಜವಾಗ್ಲೂ ಕಣ್ರೀ!"

"ವಿನಯ!" ಎಂದು ಲೋಕನಾಥ ಎಲ್ಲರಿಗೂ ತೋರಿಸಿದರು. ಸಫೂರಾ ಉಂಗುರದ ಬೆರಳನ್ನೇ ಮುಂದೆ ಚಾಚಿ, "ಹಾಗಾದ್ರೆ ಇದು ಹೇಗೆ ಸಿಕ್ಕಿತು, ಹೇಳಿ?" ಎಂದಳು. ಜೀವಮಾನವಿಡೀ ಸುಳ್ಳು ನಂಬಿಸಿದ ಮನುಷ್ಯನಿಗೆ ನಿಜ ನಂಬಿಸುವ ಅಭ್ಯಾಸವಿರಲಿಲ್ಲ.

ಲಿಜ್ಜಿ ಮಾತ್ರ ಅವರನ್ನೇ ನೋಡಿದಳು. "ಇರಲಿ ಬಿಡಿ ಪುಟ್ಟಯ್ಯಣ್ಣ" ಎಂದಳು. "ಇನ್ನು ಹನ್ನೊಂದು ದಿನ ಅಲ್ವಾ." ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಸೆಪ್ಟೆಂಬರ್ ಇಪ್ಪತ್ತೈದು ಮಂಗಳವಾರ. ಕೊನೆಯ ಬಸ್ಸು ಎಂದು ಲೋಕನಾಥ ಬೆಳಿಗ್ಗೆಯಿಂದ ಶಿಳ್ಳೆ ಊದುತ್ತಿದ್ದರು. ಅನಸೂಯಮ್ಮ ಉಳಿದ ಅಕ್ಕಿಯನ್ನೆಲ್ಲ ಹಾಕಿ ಹುಳಿಯನ್ನ ಕಲಸಿ ಮೂರು ಪೊಟ್ಟಣ ಕಟ್ಟಿದ್ದರು. ಆಮೇಲೆ ಏನನ್ನೋ ನೆನೆದು ನಾಲ್ಕನೆಯದನ್ನೂ ಕಟ್ಟಿದರು. ಪುಟ್ಟಯ್ಯನವರು ಚಿತ್ರದ ಕೆಳಗೆ ನಿಂತಿದ್ದರು. ಲಿಜ್ಜಿ ಬಂದೊಡನೆ ಕಾಲಿಗೆ ಬೀಳುವುದು, ಅಗತ್ಯ ಬಿದ್ದರೆ ಎತ್ತಿಕೊಂಡಾದರೂ ಬಸ್ಸು ಹತ್ತಿಸುವುದು ಎಂದು ನಿರ್ಧರಿಸಿದ್ದರು. ಅವರ ಬೆನ್ನು ಇದನ್ನು ಒಪ್ಪಿದ್ದಂತೆ ಕಾಣಲಿಲ್ಲ.

ಲಿಜ್ಜಿ ಬಂದಳು. ಕೈಯಲ್ಲಿ ಸೂಟ್‌ಕೇಸಿತ್ತು.

"ಹೊರಡುವ" ಎಂದಳು.

"ಡೋಲ್ಫಿ...?" ಎಂದರು ಅನಸೂಯಮ್ಮ.

"ನಲವತ್ತೆಂಟು ದಿನ ಮುಗೀತಲ್ಲ ಅಕ್ಕಾ."

ಪುಟ್ಟಯ್ಯನವರು ಬಿಕ್ಕಿದರು. "ನಾನು ಓದಿದ್ದು ಸುಳ್ಳಮ್ಮ. ಅವತ್ತೇ ಹೇಳಿದೆ, ಯಾರೂ ನಂಬಲಿಲ್ಲ."

"ನಾನು ನಂಬಿದ್ದೆ. ನೀವು ಹೇಳುವ ಮುಂಚೆಯೇ ಗೊತ್ತಿತ್ತು." ಅವಳು ಸೂಟ್‌ಕೇಸು ಕೆಳಗಿಟ್ಟಳು. "ನೀವು ದಿನ ಹೇಳಿದ ಮರುದಿನವೇ ಆ ಎರಡು ಸಾಲನ್ನು ಚೀಟಿಯಲ್ಲಿ ಇಳಿಸಿಕೊಂಡು ಹೋಗಿ ಸಿಸ್ಟರ್ ಮಗ್ದಲೀನರಿಗೆ ತೋರಿಸಿದೆ. ನಮ್ಮ ಆಸ್ಪತ್ರೆಯವರು. ಅವರ ಊರು ಇಟಲಿ."

"ಏನಂತೆ?" ಎಂದರು ಪುಟ್ಟಯ್ಯ.

"ಮೇಲಿನ ಸಾಲು 'ಭರವಸೆ' ಅಂತ. ಅವಳ ಹೆಸರಂತೆ ಅದು. ಲಂಗರು ಅವಳದ್ದೇ, ಡೋಲ್ಫಿ ಹೇಳಿದ್ದೇ ಸರಿ. ಕೆಳಗಿನದ್ದು ಬರೆದವನು ತನಗೇ ಬರ್ಕೊಂಡದ್ದು. 'ಕೈಗಳನ್ನು ಎಲ್ಲಿಡಬೇಕೋ ಇನ್ನೂ ಗೊತ್ತಿಲ್ಲ.' ಅಷ್ಟೇ."

"ಮತ್ತೆ ಯಾಕಮ್ಮ ಕಾದೆ?"

"ಎಲ್ಲರೂ ಬರ್ತಾರೆ, ಬರ್ತಾರೆ ಅಂದ್ರು. ಯಾವ ದಿನ ಅಂತ ಹೇಳಿದ್ದು ನೀವೊಬ್ರೇ. ದಿನ ಇಲ್ಲದೆ ಕಾಯುವುದಕ್ಕೆ ಕೂತ್ರೆ ಏಳ್ಲಿಕ್ಕೆ ಆಗುವುದಿಲ್ಲ ಪುಟ್ಟಯ್ಯಣ್ಣ. ಇವತ್ತು ಎದ್ದೆ ನೋಡಿ."

ಅವಳು ಮಡಿಸಿದ ಇನ್ನೊಂದು ಚೀಟಿಯನ್ನು ಚೌಕಟ್ಟಿನ ಸಂದಿಗೆ, ಸೈನಿಕನ ತಮ್ಮನ ಫೋಟೋದ ಪಕ್ಕ, ಸಿಕ್ಕಿಸಿದಳು. ಮೇಲೆ ಡೋಲ್ಫಿಯ ಹೆಸರಿತ್ತು. ಚಿತ್ರ ಇಲ್ಲೇ ಇರಲಿ, ಅವರು ಬಂದರೆ ಮೊದಲು ನೋಡುವುದು ಇಲ್ಲಿಯೇ ಎಂದಳು. ನಾಲ್ಕನೆಯ ಪೊಟ್ಟಣವನ್ನು ಅನಸೂಯಮ್ಮ ಚಿತ್ರದ ಕೆಳಗೆ ಇಟ್ಟರು. ಪುಟ್ಟಯ್ಯನವರು ಬಾಗಿಲಿಗೆ ಬೀಗ ಹಾಕಲಿಲ್ಲ. ಎ.ಸಿ.ಯನ್ನು ಇಪ್ಪತ್ತನಾಲ್ಕಕ್ಕೆ ತಿರುಗಿಸಿ, ಆನ್ ಮಾಡಿಯೇ ಹೊರಟರು. ಕೆಳಗಡೆ ಅಧ್ಯಕ್ಷರ ಶಿಳ್ಳೆ ಕೂಗುತ್ತಲೇ ಇತ್ತು.

ತೊಂಬತ್ತೊಂದರ ಜುಲೈನಲ್ಲಿ ರಿಫೈನರಿ ಪುಟ್ಟಯ್ಯನವರನ್ನು ಮತ್ತೆ ಕರೆಸಿಕೊಂಡಿತು. ಸೋತು ಹಿಮ್ಮೆಟ್ಟುವಾಗ ಇರಾಕಿನವರು ಹಚ್ಚಿದ್ದ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ನಡು ಮಧ್ಯಾಹ್ನ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಮೂರನೆಯ ಮಹಡಿಯ ಮನೆಯಲ್ಲಿ ಫ್ರಿಜ್ಜಿಲ್ಲ, ಮಂಚವಿಲ್ಲ, ಕುಕ್ಕರು ವೆಯಿಟ್ ಸಮೇತ ಇಲ್ಲ, ಗೋಡೆಯ ಸ್ವಿಚ್ಚುಗಳೂ ಇಲ್ಲ. ಎ.ಸಿ. ಇದ್ದ ಜಾಗದಲ್ಲಿ ಚೌಕನೆಯ ತೂತು. ಅದರೊಳಗಿಂದ ಮಸಿ ಬಂದು ಎಲ್ಲದರ ಮೇಲೂ ಕೂತಿತ್ತು. ಚಿತ್ರವನ್ನು ಮಾತ್ರ ಯಾರೂ ಒಯ್ದಿರಲಿಲ್ಲ. ಕುಂಕುಮ, ಮೇಣ, ಮಸಿ ಹಿಡಿದ ಆ ಗಾಜಿಗೆ ಬೆಲೆಯಿದೆ ಎಂದು ಯಾವ ಕಳ್ಳನಿಗೆ ತಾನೆ ಅನಿಸೀತು?

ಸೈನಿಕನ ತಮ್ಮನ ಫೋಟೋ ಇರಲಿಲ್ಲ. ತಮ್ಮ ಸಿಕ್ಕನೋ, ಆಸೆ ಬಿಟ್ಟು ಕಿತ್ತುಕೊಂಡು ಹೋದನೋ. ಚೀಟಿ ಇತ್ತು. ಲಿಜ್ಜಿ ಮಡಿಸಿದ ಮಡಿಕೆ ಹಾಗೇ ಇತ್ತು. ಅದರ ಮೇಲೆ ಕೂತ ಮಸಿಯಲ್ಲಿ ಒಂದು ಬೆರಳ ಗುರುತೂ ಇರಲಿಲ್ಲ.

ಹಾರ್ಗ್ರೀವ್ಸ್ ಸಾಹೇಬರು ಹಿಂತಿರುಗಿ, ಚಿತ್ರ ನೋಡಿ, ಕರವಸ್ತ್ರ ತೆಗೆದು ಗಾಜು ಒರೆಸಲು ಹೋದರು. ಪುಟ್ಟಯ್ಯನವರು ಅವರ ಕೈ ಹಿಡಿದುಕೊಂಡರು. "ಏನನ್ನೂ ಮುಟ್ಟಬೇಡಿ ಸರ್" ಎಂದರು. ಸಾಹೇಬರು ಅವರ ಮುಖ ನೋಡಿ ಕರವಸ್ತ್ರ ಜೇಬಿಗಿಟ್ಟುಕೊಂಡರು.

ಆ ಶುಕ್ರವಾರ ಪುಟ್ಟಯ್ಯನವರು ಕುವೈತ್ ಸಿಟಿಯ ಟೆಲಿಫೋನ್ ಕಚೇರಿಯಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತು ಮಂಗಳೂರಿಗೆ ಫೋನ್ ಮಾಡಿದರು. ಚೀಟಿ ಷರಟಿನ ಜೇಬಿನಲ್ಲಿತ್ತು. ಹಿಂದೆ ನಿಂತಿದ್ದ ಮಲಯಾಳಿಯೊಬ್ಬ "ಜಲ್ದಿ ಭಾಯಿ, ಜಲ್ದಿ" ಎನ್ನುತ್ತಿದ್ದ.

"ಚೀಟಿ ಉಂಟಾ ಪುಟ್ಟಯ್ಯಣ್ಣ?" ಲಿಜ್ಜಿ ಕೇಳಿದಳು. ಹಿನ್ನೆಲೆಯಲ್ಲಿ ಮಗುವೊಂದು ಪಾಠ ಓದುತ್ತಿತ್ತು.

"ಇದೆಯಮ್ಮ."

"ಬಿಚ್ಚಿದ್ದಾರಾ?"

"ಇಲ್ಲಮ್ಮ."

ಮಗುವಿನ ಓದು ನಿಂತಿತು.

"ಹಾಗಾದ್ರೆ ಇನ್ನು ಎಷ್ಟು ದಿನ, ಹೇಳಿ" ಎಂದಳು ಲಿಜ್ಜಿ. ನಗಲು ಪ್ರಯತ್ನಿಸಿದಂತಿತ್ತು. "ನೀವು ಹೇಳಿದ್ರೆ ಕಾಯ್ತೇನೆ."

ಪುಟ್ಟಯ್ಯನವರು ಕನ್ನಡಕ ತೆಗೆದರು. ಒರೆಸಲಿಲ್ಲ.

"ಗೊತ್ತಿಲ್ಲಮ್ಮ" ಎಂದರು.